ಪಿತ್ತಕೋಶದ ಕಲ್ಲು ಕರುಳಿಗೆ ಅಡ್ಡವಾಗಿರಬಹುದು

ತಾಯಿಯವರನ್ನು ಮುಂಬಯಿ ಹತ್ತಿರದ ಡೊಂಬಿವಿಲಿಯ ನರ್ಸಿಂಗ್ ಹೋಮ್‌ನಲ್ಲಿ ತೋರಿಸಿದ್ದೀರಿ; ಸೋಮವಾರದವರೆಗೆ ಕಾಯಬಹುದೇ ಎಂಬುದು ನಿಮ್ಮ ಪ್ರಶ್ನೆ. ಹಳೆಯ ಪಿತ್ತಕೋಶದ ಕಲ್ಲು, ಮೂರು ದಿನದ ವಾಂತಿ, ಹೊಟ್ಟೆ ಉಬ್ಬರ, ಎಕ್ಸ್-ರೇಯಲ್ಲಿ ‘ಪಿತ್ತನಾಳದಲ್ಲಿ ಗಾಳಿ’: ನಿಮ್ಮ ತಾಯಿಯವರ ಈ ಲಕ್ಷಣಗಳು ಒಟ್ಟಿಗೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಗಾಲ್‌ಸ್ಟೋನ್ ಇಲಿಯಸ್, ಅಂದರೆ ಪಿತ್ತಕೋಶದ ಕಲ್ಲು ಕರುಳಿಗಿಳಿದು ದಾರಿ ಕಟ್ಟುವುದು. ಪಿತ್ತಕೋಶ ಕರುಳಿಗೆ ಅಂಟಿಕೊಂಡು, ನಡುವಿನ ಗೋಡೆ ಸವೆದು ತೂತಾಗುತ್ತದೆ; ಪಿತ್ತನಾಳಕ್ಕೆ ಕರುಳಿನ ಗಾಳಿ ಸೇರುವುದು ಅಲ್ಲಿಂದಲೇ. ಸಾಮಾನ್ಯವಾಗಿ 2 ಸೆಂ.ಮೀ. ಮೀರಿದ ಕಲ್ಲು ಅದರೊಳಗಿಂದ ಜಾರಿ, ಸಣ್ಣ ಕರುಳಿನ ಕೊನೆಯ ಕಿರಿದಾದ ಭಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಎಂಡೋಸ್ಕೋಪಿಯಿಂದ ಪಿತ್ತನಾಳದ ಬಾಯಿ ಕೊಯ್ದಿದ್ದರೂ ಗಾಳಿ ಕಾಣಬಹುದು; ಹಾಗಿದ್ದರೆ ವೈದ್ಯರಿಗೆ ಹೇಳಿ.

ಸೋಮವಾರದವರೆಗೆ ಕಾಯಬೇಡಿ. ಅನ್ನ, ನೀರು ನಿಲ್ಲಿಸಿ. ಭೇದಿ ಮಾಡಿಸುವ ಔಷಧಿಯಂತೂ ಬೇಡವೇ ಬೇಡ. ನನ್ನ ಅತ್ತೆಗೆ ನಾವು ಮಾಡಿದ ತಪ್ಪು ಅದೇ. ಡೊಂಬಿವಿಲಿಯ ನರ್ಸಿಂಗ್ ಹೋಮ್‌ನಲ್ಲಿ ಸಿ.ಟಿ. ಸ್ಕ್ಯಾನ್ ಮತ್ತು ಐಸಿಯು ಇಲ್ಲದಿದ್ದರೆ ಇಂದೇ ಆಂಬುಲೆನ್ಸ್‌ನಲ್ಲಿ ಮುಂಬಯಿಯ ಸಯಾನ್ ಆಸ್ಪತ್ರೆಯಂಥ ದೊಡ್ಡ ಕಡೆಗೆ ಒಯ್ಯಿರಿ. ಅಲ್ಲಿ ಮೊದಲು ಡ್ರಿಪ್, ಹೊಟ್ಟೆಯಲ್ಲಿ ತುಂಬಿದ್ದನ್ನು ಹೊರತೆಗೆಯಲು ಮೂಗಿನ ನಳಿಕೆ, ಬಳಿಕ ಸಿ.ಟಿ. ಕಲ್ಲು ಎಲ್ಲಿದೆ ಎಂಬುದನ್ನು ಸೋನೋಗ್ರಫಿಗಿಂತ ಸಿ.ಟಿ. ಚೆನ್ನಾಗಿ ತೋರಿಸುತ್ತದೆ.

‘ಪಿತ್ತಕೋಶವನ್ನೂ ಅದೇ ಸಲ ತೆಗೆಸಬೇಕೇ’ ಎಂದು ಕೇಳಿದ್ದೀರಿ. ವಯಸ್ಸಾದವರಲ್ಲಿ, ಮೈಯಲ್ಲಿ ನೀರು ಬತ್ತಿರುವಾಗ, ಕರುಳನ್ನು ಸೀಳಿ ಕಲ್ಲು ತೆಗೆದು ಹೊಲಿಯುವುದಕ್ಕಷ್ಟೇ ನಿಲ್ಲಿಸುವುದು ಹೆಚ್ಚು ರೂಢಿ. ತೂತು ಮುಚ್ಚಿ ಪಿತ್ತಕೋಶ ತೆಗೆಯುವುದು ದೀರ್ಘ ಶಸ್ತ್ರಚಿಕಿತ್ಸೆ, ಅಪಾಯವೂ ಹೆಚ್ಚು. ಆದರೆ ಈ ಬಗ್ಗೆ ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಹೊಟ್ಟೆ ತೆರೆದ ಮೇಲೆ ಅವರೇ ನಿರ್ಧರಿಸಲಿ. ಇಡೀ ಕರುಳಿನಲ್ಲಿ ಇನ್ನೊಂದು ಕಲ್ಲಿದೆಯೇ ಎಂದು ನೋಡುತ್ತೀರಾ ಎಂಬುದನ್ನು ಮಾತ್ರ ಮರೆಯದೆ ಕೇಳಿ.

ಹಳೆಯ ಸೋನೋಗ್ರಫಿ ವರದಿಗಳನ್ನೂ ರಕ್ತ ತೆಳುವಾಗಿಸುವ ಮಾತ್ರೆಯ ಚೀಟಿಯನ್ನೂ ಜೊತೆಗೆ ಇಟ್ಟುಕೊಳ್ಳಿ.