ಮಾತ್ರೆ ಇಳಿಯುವ ಹೊತ್ತು: ಪಾರ್ಕಿನ್ಸನ್ ಇರುವ ಮಾವನಿಗೆ 12 ಗಂಟೆಗೆ ಏನಾಗುತ್ತದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಒಂದು ಹಳ್ಳಿ, ಅಡಿಕೆ ತೋಟ ಇದೆ. ಮಾವನವರಿಗೆ 69 ವರ್ಷ. ಪಾರ್ಕಿನ್ಸನ್ (ಕೈಕಾಲು ನಡುಗುವ, ಬಿಗಿಯುವ ಮಿದುಳಿನ ಕಾಯಿಲೆ) ಅಂತ ಗೊತ್ತಾಗಿ ಏಳು ವರ್ಷ ಆಯಿತು. ಬೆಳಿಗ್ಗೆ 8ಕ್ಕೆ ತಿಂಡಿ, ಕಷಾಯದ ಜೊತೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ ಸಿಂಡೋಪ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊದಲೆಲ್ಲ ಇಡೀ ದಿನ ಚೆನ್ನಾಗಿದ್ದರು. ಈಗ ಒಂದು ವರ್ಷದಿಂದ ಹತ್ತೂವರೆಗೆ ತೋಟ ಸುತ್ತಿ ಬಂದವರು 12ರ ಹೊತ್ತಿಗೆ ಜಗಲಿಯಿಂದ ಏಳಲು ಆಗದೆ ಕುಳಿತುಬಿಡುತ್ತಾರೆ. ಬೆವರು, ಏನೋ ಗಾಬರಿ. ಎದ್ದರೂ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿದ ಹಾಗೆ ನಿಲ್ಲುತ್ತಾರೆ. ನಮ್ಮ ಮನೆಯವರು ಇದನ್ನು ನಾಟಕ ಅನ್ನುತ್ತಾರೆ. ಪಕ್ಕದ ಮನೆಯವರು ನಸುಗುನ್ನಿ ಬೀಜದ ಪುಡಿ ಕೊಡಿ ಅನ್ನುತ್ತಾರೆ. ಮಾತ್ರೆ ಕೆಲಸ ಮಾಡುವುದು ನಿಂತಿತಾ? ಒಂದು ಜಾಸ್ತಿ ಕೊಡಬಹುದಾ?

ಉತ್ತರ: ಮಾತ್ರೆ ಕೆಲಸ ನಿಲ್ಲಿಸಿಲ್ಲ. ಹತ್ತೂವರೆಗೆ ಅವರು ತೋಟ ಸುತ್ತಿ ಬಂದರು ಅಂತ ನೀವೇ ಬರೆದಿದ್ದೀರಲ್ಲ, ಅವರನ್ನು ಓಡಾಡಿಸಿದ್ದು ಅದೇ ಮಾತ್ರೆ. ಆಗಿರುವುದು ಇಷ್ಟೇ, ಮುಂದಿನ ಮಾತ್ರೆಯ ಹೊತ್ತು ಬರುವ ಮೊದಲೇ ಹಿಂದಿನದರ ಶಕ್ತಿ ಇಳಿದುಹೋಗುತ್ತಿದೆ. ನಾವು ಡಾಕ್ಟರುಗಳು ಇದಕ್ಕೆ ‘ಆಫ್’ ಅನ್ನುತ್ತೇವೆ, ಓಡಾಡುವ ಹೊತ್ತಿಗೆ ‘ಆನ್’.

ಯಾಕೆ ಹೀಗೆ ಅಂದರೆ, ಸಿಂಡೋಪದಲ್ಲಿರುವ ಲೆವೊಡೋಪ ಅನ್ನುವ ಔಷಧ ರಕ್ತದಲ್ಲಿ ನಿಲ್ಲುವುದೇ ಕಡಿಮೆ, ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಕಾಯಿಲೆ ಹೊಸದಿದ್ದಾಗ ಮಿದುಳಿನಲ್ಲಿ ಉಳಿದ ಜೀವಕೋಶಗಳು ಅದನ್ನು ಡೋಪಮಿನ್ (ಮೈ ಆಡಿಸಲು ಮಿದುಳಿಗೆ ಬೇಕಾದ ರಾಸಾಯನಿಕ) ಮಾಡಿ ಕೂಡಿಟ್ಟುಕೊಂಡು ನಿಧಾನಕ್ಕೆ ಬಿಡುತ್ತವೆ. ನಿಮ್ಮ ಮನೆಯ ಮೇಲಿನ ಟ್ಯಾಂಕ್ ಇದ್ದ ಹಾಗೆ, ಕರೆಂಟ್ ಹೋದರೂ ನಲ್ಲಿಯಲ್ಲಿ ನೀರು ಬರುತ್ತದೆ. ವರ್ಷ ಕಳೆದ ಹಾಗೆ ಆ ಕೋಶಗಳು ಕಡಿಮೆಯಾಗಿ ಟ್ಯಾಂಕ್ ಸಣ್ಣದಾಗುತ್ತದೆ. ಆಮೇಲೆ ಮೋಟರ್ ಓಡುವಷ್ಟು ಹೊತ್ತು ಮಾತ್ರ ನೀರು. ನಿಮ್ಮ ಮಾವನವರ ಎರಡು ಮಾತ್ರೆಗಳ ನಡುವೆ ಆರು ಗಂಟೆ ಇದೆ, ಏಳನೇ ವರ್ಷದಲ್ಲಿ ಆರು ಗಂಟೆ ತುಂಬಾ ದೂರ.

ಬೆವರು, ಗಾಬರಿ ಕೂಡ ಇದರದ್ದೇ ಇರಬಹುದು. ಆಫ್ ಅಂದರೆ ಬರೀ ಕೈಕಾಲು ಬಿಗಿಯುವುದಲ್ಲ. ಕೆಲವರಿಗೆ ಹೆದರಿಕೆ, ಕೆಲವರಿಗೆ ಭುಜನೋವು, ಕೆಲವರಿಗೆ ಸುಮ್ನೆ ಅಳು. ಮಾತ್ರೆ ಏರಿದ ಮೇಲೆ ಅದೆಲ್ಲ ಕರಗುತ್ತದೆ ಅಂದರೆ ಕಾರಣ ಗೊತ್ತಾಯಿತಲ್ವಾ. ಆದರೆ ಎದೆ ಹಿಡಿದ ಹಾಗೆ ಆಗಿ ಬೆವರಿದರೆ ಕಾಯುತ್ತಾ ಕೂರಬೇಡಿ, ಮೊದಲು ಇಸಿಜಿ ಮಾಡಿಸಿ.

ನಿಮ್ಮ ಯಜಮಾನರಿಗೆ ಒಂದು ಮಾತು. ಹತ್ತೂವರೆಗೆ ತೋಟ ಸುತ್ತಿದ ಮನುಷ್ಯ 12ಕ್ಕೆ ನೀರಿನ ಚೊಂಬು ಎತ್ತಲಾರ ಅಂದರೆ ಯಾರಿಗೂ ನಾಟಕ ಅನ್ನಿಸುತ್ತದೆ. ನೋಡುವವರ ತಪ್ಪೂ ಅಲ್ಲ. ಆದರೆ ಈ ಕಾಯಿಲೆಯ ಸ್ವಭಾವವೇ ಅದು. ಬೈದರೆ ಗಾಬರಿ ಜಾಸ್ತಿ, ಗಾಬರಿಗೆ ಕಾಲು ಇನ್ನೂ ಬಿಗಿ.

ಇನ್ನು ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಕಷಾಯ. ಮಲೆನಾಡಿನ ಕಷಾಯ ಅಂದರೆ ದೊಡ್ಡ ಲೋಟದ ತುಂಬಾ ಹಾಲು, ಅದರ ಪಕ್ಕದಲ್ಲಿ ದೋಸೆ, ಕಡುಬು, ಒಮ್ಮೊಮ್ಮೆ ಹೆಸರುಕಾಳಿನ ಗೊಜ್ಜು. ಲೆವೊಡೋಪ ಸಣ್ಣ ಕರುಳಿನಿಂದ ರಕ್ತಕ್ಕೆ ಸೇರುವುದಕ್ಕೂ, ರಕ್ತದಿಂದ ಮಿದುಳಿಗೆ ದಾಟುವುದಕ್ಕೂ ಇರುವ ಬಾಗಿಲು ಒಂದೇ ಬಗೆಯದು. ಹಾಲು, ಬೇಳೆ, ಮೊಟ್ಟೆ, ಮೀನಿನ ಪ್ರೋಟೀನ್ ಒಡೆದು ಬರುವ ಅಮೈನೊ ಆಮ್ಲಗಳಿಗೂ ಅದೇ ಬಾಗಿಲು. ನೂಕುನುಗ್ಗಲಲ್ಲಿ ಮಾತ್ರೆ ಹಿಂದೆ ಉಳಿಯುತ್ತದೆ. ಹಾಗಾಗಿ ಮಾತ್ರೆಯನ್ನು ಬರೀ ನೀರಿನಲ್ಲಿ, ಊಟತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು ಕೊಡಿ. ವಾಕರಿಕೆ ಬಂದರೆ ಎರಡು ಬಿಸ್ಕತ್ತೋ ಸ್ವಲ್ಪ ಗಂಜಿಯೋ ಸಾಕು. ಇಷ್ಟು ಬದಲಾಯಿಸಿದ್ದಕ್ಕೇ ಕೆಲವರ ಆಫ್ ಎಷ್ಟೋ ಕಡಿಮೆಯಾಗಿದ್ದನ್ನು ನೋಡಿದ್ದೇನೆ. ಹಾಲು, ಬೇಳೆ ನಿಲ್ಲಿಸಿ ಅಂತ ಮಾತ್ರ ಅರ್ಥ ಮಾಡಿಕೊಳ್ಳಬೇಡಿ! ಈ ವಯಸ್ಸಿನಲ್ಲಿ ತೂಕ ಇಳಿದರೆ ಅದೇ ಇನ್ನೊಂದು ಕಾಯಿಲೆ. ಹಗಲು ರೊಟ್ಟಿ, ಅನ್ನ, ತರಕಾರಿ ಜಾಸ್ತಿ ಇರಲಿ, ಹುರುಳಿ ಸಾರು, ಹಾಲು, ಮೊಟ್ಟೆ ರಾತ್ರಿ ಊಟಕ್ಕೆ ಹೋಗಲಿ.

ಮಲಬದ್ಧತೆ ಇದೆಯಾ ಕೇಳಿ, ಗಂಡಸರು ಸೊಸೆಯ ಹತ್ತಿರ ಹೇಳುವುದಿಲ್ಲ. ಹೊಟ್ಟೆ ನಿಧಾನವಾದರೆ ಮಾತ್ರೆ ಏರುವುದೂ ತಡ. ಮಳೆಗಾಲದಲ್ಲಿ ಬಾಯಾರಿಕೆಯೇ ಇಲ್ಲ ಅಂತ ನೀರು ಕುಡಿಯದವರು ಜಾಸ್ತಿ, ಕುಡಿಸಿ. ಬಾಳೆದಿಂಡಿನ ಪಲ್ಯ ಮಾಡಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಕೊಡುತ್ತಿದ್ದರೆ ಸಿಂಡೋಪಕ್ಕೂ ಅದಕ್ಕೂ ಎರಡು ಗಂಟೆಯಾದರೂ ಅಂತರ ಇರಲಿ.

ಒಂದು ಜಾಸ್ತಿ ಕೊಡಬಹುದಾ? ನೀವಾಗಿಯೇ ಬೇಡ. ಈ ಹಂತದಲ್ಲಿ ಹೆಚ್ಚಾದರೆ ಮೈ ಬಳುಕಿ ಬಳುಕಿ ಆಡುವುದು, ಎದ್ದ ಕೂಡಲೇ ಬಿಪಿ ಇಳಿದು ಬೀಳುವುದು, ಇಲ್ಲದವರು ಕಾಣುವುದು ಶುರುವಾಗಬಹುದು. ಹಾಗಂತ ದಾರಿ ಇಲ್ಲ ಅಂತಲ್ಲ. ದಿನದ ಮೂರು ಮಾತ್ರೆಯನ್ನು ನಾಲ್ಕೋ ಐದೋ ಹೊತ್ತಿಗೆ ಹಂಚಬಹುದು. ಲೆವೊಡೋಪ ಮೈಯಲ್ಲಿ ಬೇಗ ಒಡೆದುಹೋಗದಂತೆ ತಡೆಯುವ ಎಂಟಾಕಪೋನ್ ಸೇರಿಸಬಹುದು, ಅದಕ್ಕೆ ಮೂತ್ರ ಕಿತ್ತಳೆ ಬಣ್ಣ ಆದರೆ ಹೆದರಬೇಡಿ. ರಸಾಜಿಲಿನ್, ಪ್ರಮಿಪೆಕ್ಸೋಲ್ ತರಹದ ಬೇರೆ ಮಾತ್ರೆಗಳೂ ಇವೆ. ಮಾತ್ರೆಯಲ್ಲಿ ಹಿಡಿತಕ್ಕೆ ಬರದಿದ್ದರೆ ಅಪೊಮಾರ್ಫಿನ್ ಇಂಜೆಕ್ಷನ್ನು, ಮಿದುಳಿಗೆ ತಂತಿ ಹಾಕುವ ಡಿಬಿಎಸ್ ಆಪರೇಷನ್ನು ಇದೆ, ನಿಮ್ಮ ಮಾವನವರಿಗೆ ಈಗಲೇ ಆ ಮಾತು ಬೇಡ.

ಇದರಲ್ಲಿ ಯಾವುದು ಅಂತ ಡಾಕ್ಟರು ಹೇಳಬೇಕಾದರೆ ಅವರಿಗೆ 12 ಗಂಟೆಯ ಮಾವ ಕಾಣಿಸಬೇಕು. ಮನೆಯವರು ಏನು ಮಾಡುತ್ತಾರೆ ಅಂದರೆ, ಬಸ್ಸು ಹತ್ತುವ ಮೊದಲು ಮರೆಯದೆ ಮಾತ್ರೆ ಕೊಟ್ಟು, ಒಳ್ಳೆ ಅಂಗಿ ಹಾಕಿಸಿ ಕರೆದುಕೊಂಡು ಬರುತ್ತಾರೆ. ನನ್ನ ಮುಂದೆ ಆ ಮನುಷ್ಯ ಜುಮ್ಮಂತ ನಡೆಯುತ್ತಾನೆ. ನಾನು ‘ಚೆನ್ನಾಗಿದ್ದಾರೆ, ಅದೇ ಮುಂದುವರಿಸಿ’ ಅಂತ ಬರೆದುಕೊಡುತ್ತೇನೆ. ಹೀಗೆ ನಾನೂ ಎಷ್ಟೋ ಸಲ ಮೋಸಹೋಗಿದ್ದೇನೆ. ಅದಕ್ಕೇ ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಗಂಟೆಗೊಂದು ಗೆರೆ ಬರೆಯಿರಿ: ಮಾತ್ರೆ ಎಷ್ಟಕ್ಕೆ, ಊಟ ಎಷ್ಟಕ್ಕೆ, ಏನು ತಿಂದರು, ಆನ್ ಇದ್ದರಾ ಆಫ್ ಇದ್ದರಾ, ಮೈ ಆಡಿತಾ. ಆಫ್ ಇದ್ದಾಗ ಒಂದು ನಿಮಿಷ ಮೊಬೈಲಲ್ಲಿ ವಿಡಿಯೊ ಮಾಡಿ, ಅವರನ್ನು ಕೇಳಿಯೇ ಮಾಡಿ. ನಾನು ಹತ್ತು ಪ್ರಶ್ನೆ ಕೇಳಿದರೂ ಸಿಗದ ಉತ್ತರ ಅದರಲ್ಲಿ ಇರುತ್ತದೆ.

ನಸುಗುನ್ನಿ ವಿಷಯ. ಅದರ ಕಾಯಿಯ ರೋಮ ಮೈಗೆ ತಾಗಿದವರಿಗೇ ತುರಿಕೆ ಗೊತ್ತು! ಪಕ್ಕದ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಆ ಬೀಜದಲ್ಲಿ ನಿಜವಾಗಿಯೂ ಲೆವೊಡೋಪ ಇದೆ. ತೊಂದರೆಯೂ ಅದೇ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಅಂತ ಯಾರಿಗೂ ಹೇಳಲಾಗದು, ಬೀಜದಿಂದ ಬೀಜಕ್ಕೆ ಬೇರೆ. ಸಿಂಡೋಪದ ಮೇಲೆ ಅದನ್ನೂ ಹಾಕಿದರೆ ಲೆಕ್ಕ ಇಲ್ಲದೆ ಡೋಸ್ ಏರಿಸಿದ ಹಾಗೆ. ಈಗಾಗಲೇ ಕೊಡುತ್ತಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡದೆ ಡಾಕ್ಟರಿಗೆ ಹೇಳಿ.

ಹೊಸ್ತಿಲ ಹತ್ತಿರ ಕಾಲು ಅಂಟಿದಾಗ ಕೈ ಹಿಡಿದು ಎಳೆಯಬೇಡಿ, ಬೀಳುವುದು ಆಗಲೇ. ಬಾಗಿಲು, ಇಕ್ಕಟ್ಟು, ತಿರುವು ಎಲ್ಲ ಈ ಕಾಯಿಲೆಗೆ ಕಷ್ಟದ ಜಾಗಗಳು, ಅದರಲ್ಲೂ ನಮ್ಮ ಹಳೇ ಮನೆಗಳ ಹೊಸ್ತಿಲು ಮೊಣಕಾಲೆತ್ತರ. ನಿಲ್ಲಲಿ, ಉಸಿರು ಬಿಡಲಿ, ಮೈಯನ್ನು ಎಡಕ್ಕೆ ಬಲಕ್ಕೆ ವಾಲಿಸಲಿ, ಆಮೇಲೆ ‘ಒಂದು, ಎರಡು’ ಎಣಿಸಿ ದೊಡ್ಡ ಹೆಜ್ಜೆ. ಹೊಸ್ತಿಲಿಗೆ ಮೊದಲು ನೆಲದ ಮೇಲೆ ಬಣ್ಣದ ಟೇಪು ಅಡ್ಡಡ್ಡ ಅಂಟಿಸಿ, ಗೆರೆ ದಾಟಿ ಅಂದರೆ ಕಾಲು ಏಳುತ್ತದೆ. ಸ್ನಾನವನ್ನು ಆನ್ ಇರುವಾಗ ಮುಗಿಸಿ. ಊಟವೂ ಆನ್ ಇರುವಾಗಲೇ, ಆಫ್‌ನಲ್ಲಿ ಅನ್ನ ನೆತ್ತಿಗೇರುತ್ತದೆ.

ಊರಿನಲ್ಲಿ ವಾಂತಿ, ತಲೆಸುತ್ತಿಗೆ ಇಂಜೆಕ್ಷನ್, ಮಾತ್ರೆ ತೆಗೆದುಕೊಳ್ಳುವಾಗ ಪಾರ್ಕಿನ್ಸನ್ ಇದೆ ಅಂತ ಮೊದಲೇ ಹೇಳಿ. ಮೆಟೊಕ್ಲೋಪ್ರಮೈಡ್, ಪ್ರೊಕ್ಲೋರ್‌ಪೆರಜಿನ್, ಸಿನರಿಜಿನ್ ಇವರಿಗೆ ಆಗುವುದಿಲ್ಲ, ಕಾಯಿಲೆಯನ್ನೇ ಕೆರಳಿಸುತ್ತವೆ. ಸಿಂಡೋಪವನ್ನು ಒಮ್ಮೆಲೇ ನಿಲ್ಲಿಸುವುದಂತೂ ಬೇಡವೇ ಬೇಡ, ಜೋರು ಜ್ವರ ಬಂದು ಮೈಯೆಲ್ಲ ಸೆಟೆದು ಜೀವಕ್ಕೇ ಕುತ್ತು ಬರಬಹುದು. ಜುಲೈ ಮಳೆಗೆ ಮರ ಬಿದ್ದು ರಸ್ತೆ ಬಂದ್ ಆಗುವ ಊರು ನಿಮ್ಮದು, ಹದಿನೈದು ದಿನದ ಮಾತ್ರೆ ಮನೆಯಲ್ಲಿ ಹೆಚ್ಚಿಗೇ ಇರಲಿ.

ಶಿವಮೊಗ್ಗಕ್ಕೆ ಬರುವಾಗ ಸುಮಾರು 60 ಕಿಲೋಮೀಟರ್ ದಾರಿ, ಆಮೇಲೆ ಇಲ್ಲಿ ಕಾಯುವುದು ಬೇರೆ. ನೋಟ್‌ಬುಕ್ ತನ್ನಿ. ಮುಂದಿನ ಹೊತ್ತಿನ ಮಾತ್ರೆ, ನೀರಿನ ಬಾಟಲಿ ಕೈಚೀಲದಲ್ಲೇ ಇರಲಿ.