ಕಾಲು ತೋರಿಸಿ ಸ್ವಾಮಿ

ಪತ್ರ: ಎಮಿಲ್ ಲೋತ್ಯಾನು 1983ರಲ್ಲಿ ತೆಗೆದ ‘ಅನ್ನಾ ಪಾವ್ಲೋವಾ’ ಸಿನಿಮಾ ನೋಡಿದೆ. ತುದಿಗಾಲಲ್ಲಿ ಕುಣಿಯುವ ಬ್ಯಾಲೆ ನೃತ್ಯದ ರಷ್ಯನ್ ತಾರೆಯ ಕತೆ. ಬಲು ನಿಧಾನ. ಕುಣಿದದ್ದೇ ಕುಣಿದದ್ದು! ಪ್ರೀತಿ, ಜಗಳ, ಮದುವೆ ಎಲ್ಲ ಅರ್ಧಂಬರ್ಧ. ಒಬ್ಬ ಹೆಂಗಸಿನ ಬದುಕು ಅಂದರೆ ಇಷ್ಟೇನಾ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಧಾನ ಅನ್ನುವುದು ನಿಜ. ನಾನೂ ಎರಡು ಸಲ ಗಡಿಯಾರ ನೋಡಿಕೊಂಡೆ. ಆದರೆ ‘ಕುಣಿದದ್ದೇ ಕುಣಿದದ್ದು’ ಅಂತ ದೂರುತ್ತೀರಲ್ಲ, ಪಾವ್ಲೋವಾ ಜೀವಮಾನವಿಡೀ ಮಾಡಿದ್ದು ಅದನ್ನೇ ಅಲ್ವಾ? ತನ್ನ ಮ್ಯಾನೇಜರ್ ವಿಕ್ಟರ್ ದಾಂದ್ರೆ ಜೊತೆ ಮದುವೆ ಆಗಿತ್ತೋ ಇಲ್ಲವೋ ಅಂತ ಜೀವನಚರಿತ್ರೆ ಬರೆದವರು ಇನ್ನೂ ಕಿತ್ತಾಡುತ್ತಿದ್ದಾರೆ. ಆಡಲಿ ಬಿಡಿ.

ನನಗೆ ಬೇಕಾದ ಕತೆ ಆಕೆಯ ಕಾಲಿನಲ್ಲಿದೆ. ಪೀಟರ್ಸ್‌ಬರ್ಗ್‌ನಲ್ಲಿ ಬಟ್ಟೆ ಒಗೆಯುತ್ತಿದ್ದವಳ ಮಗಳು. ಅಂಗಾಲು ಬಿಲ್ಲಿನ ಹಾಗೆ ಬಾಗಿತ್ತು. ತುದಿಗಾಲಲ್ಲಿ ನಿಂತರೆ ಭಾರವೆಲ್ಲ ಹೆಬ್ಬೆರಳಿನ ಮೇಲೆ. ಅದಕ್ಕೆ ಶೂ ಒಳಗೆ ಗಟ್ಟಿ ಚರ್ಮದ ಅಡಿ ಹಾಕಿಸಿಕೊಂಡರು. ಇದು ಮೋಸ ಅಂದವರೂ ಇದ್ದರು. ಇವತ್ತು ಬ್ಯಾಲೆ ಹುಡುಗಿಯರು ತೊಡುವ ಶೂ ಆ ‘ಮೋಸ’ದ ಮೊಮ್ಮಗಳು! ಇನ್ನೂ ತಮಾಷೆ ಕೇಳಿ: ಫೋಟೋಗಳಲ್ಲಿ ಶೂ ತುದಿ ಅಗಲ ಕಾಣಬಾರದು ಅಂತ ಅದನ್ನು ತಿದ್ದಿಸಿ ಸಣ್ಣ ಮಾಡಿಸುತ್ತಿದ್ದರು. ಪ್ರೇಮಪತ್ರಕ್ಕಿಂತ ಇದು ರುಚಿಯಾಗಿಲ್ಲವೇ?

ಪ್ರೀತಿಯೇ ಬೇಕು ಅಂದವರ ಪಾಡನ್ನೂ ಕಂಡಿದ್ದೇವೆ. 2017ರಲ್ಲಿ ರಷ್ಯಾದಲ್ಲೇ ‘ಮತಿಲ್ದಾ’ ಸಿನಿಮಾ ಬಂತು. ಬ್ಯಾಲೆರಿನಾ, ಅಂದರೆ ಬ್ಯಾಲೆ ನರ್ತಕಿ, ಮತಿಲ್ದಾ ಕ್ಷೆಸಿನ್ಸ್ಕಾಯಾ ಮತ್ತು ಮುಂದೆ ತ್ಸಾರ್ (ರಷ್ಯಾದ ಚಕ್ರವರ್ತಿ) ಆದ ನಿಕೊಲಾಯ್ ಪ್ರೇಮದ ಕತೆ. ತ್ಸಾರ್ ಮರ್ಯಾದೆ ಹೋಯಿತು ಅಂತ ಗಲಾಟೆಯೋ ಗಲಾಟೆ. ಯೆಕತೆರಿನ್‌ಬರ್ಗ್‌ನಲ್ಲಿ ಒಬ್ಬ ಚಿತ್ರಮಂದಿರಕ್ಕೆ ವ್ಯಾನ್ ನುಗ್ಗಿಸಿದ. ಒಂದೇ ಕಾಲಿನ ಮೇಲೆ ನಿಂತು 32 ಸುತ್ತು ತಿರುಗುವುದನ್ನು ಇಟಲಿಯ ಬ್ಯಾಲೆರಿನಾ ಲೆನ್ಯಾನಿಯನ್ನು ನೋಡಿ ನೋಡಿ ಕಲಿತು, ರಷ್ಯನ್ನರಲ್ಲಿ ಮೊದಲು ಮಾಡಿ ತೋರಿಸಿದವರು ಈ ಕ್ಷೆಸಿನ್ಸ್ಕಾಯಾ. ಆ ಗದ್ದಲದಲ್ಲಿ ಅದು ಯಾರಿಗೆ ಬೇಕಿತ್ತು!

ಲೋತ್ಯಾನು ಪುಣ್ಯಾತ್ಮ ಅದಕ್ಕಿಂತ ವಾಸಿ. ನಾಯಕಿ ಗಲೀನಾ ಬೆಲ್ಯಾಯೆವಾ ಬ್ಯಾಲೆ ಶಾಲೆಯಲ್ಲಿ ಕಲಿತವರು. ಆದರೂ ನೃತ್ಯದ ಭಾಗಗಳಿಗೆ ಪಳಗಿದ ಬ್ಯಾಲೆರಿನಾ ಒಬ್ಬರನ್ನು ಕರೆಸಿದರು. ಮುಖ ಒಬ್ಬರದು, ಕಾಲು ಇನ್ನೊಬ್ಬರದು ಅನ್ನುವುದು ನನಗೆ ಸ್ವಲ್ಪ ಕಸಿವಿಸಿಯೇ. ಆದರೆ ಕಾಲಾದರೂ ಇದೆಯಲ್ಲ.

ನಿಮಗೊಂದು ಕೆಲಸ ಕೊಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. 1920ರ ದಶಕದಲ್ಲಿ ಹಾಲಿವುಡ್‌ನಲ್ಲಿ ನಟ ಡಗ್ಲಸ್ ಫೇರ್‌ಬ್ಯಾಂಕ್ಸ್ ಸ್ಟುಡಿಯೋದಲ್ಲಿ ಪಾವ್ಲೋವಾ ಕ್ಯಾಮೆರಾ ಮುಂದೆ ಕುಣಿದದ್ದು ಉಳಿದಿದೆ. ಅದರಲ್ಲಿ ‘ಸಾಯುವ ಹಂಸ’ ಅನ್ನುವ ನೃತ್ಯ ನೋಡಿ. ಮೂಕಿ ಚಿತ್ರ. ಕೆಲವೇ ನಿಮಿಷ. ಕೈ ನೋಡಿ ಮರುಳಾಗುತ್ತೀರಿ, ಗೊತ್ತು. ಎರಡನೇ ಸಲ ಕಾಲು ಮಾತ್ರ ನೋಡಿ. ಅಕ್ಕಿ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಹೆಜ್ಜೆ, ಮೇಲೆ ಹಂಸ ತೇಲುತ್ತಾ ಇರುತ್ತದೆ. ನಮ್ಮ ಭರತನಾಟ್ಯದ ರುಕ್ಮಿಣಿ ದೇವಿ ಮೊದಲು ಬ್ಯಾಲೆ ಕಲಿಯಹೊರಟದ್ದು ಈಕೆಯನ್ನು ಕಂಡೇ. ನಿಮ್ಮ ನಾಡಿನ ನೃತ್ಯವನ್ನೇ ಹುಡುಕಿಕೊಳ್ಳಿ ಅಂತ ಅವರನ್ನು ಈ ಕಡೆ ತಿರುಗಿಸಿದವರೂ ಈಕೆಯೇ.

ಹುಡುಕಿಕೊಂಡೆವು, ಸರಿ. ತೋರಿಸುವುದು ಹೇಗೆ ಅಂತ ಮಾತ್ರ ಕಲಿಯಲಿಲ್ಲ. ಹೋದ ವರ್ಷ ನನ್ನ ತಂಗಿಯ ಮಗಳ ರಂಗಪ್ರವೇಶ ಆಯಿತು. ಹನ್ನೊಂದು ವರ್ಷ ಕಲಿತ ಹುಡುಗಿ. ವಿಡಿಯೋ ಬಂತು, ಮನೆಮಂದಿ ಎಲ್ಲ ಕೂತು ನೋಡಿದೆವು. ಅತಿಥಿಗಳ ಭಾಷಣ ಪೂರ್ತಿ ಇದೆ. ಮುಂದಿನ ಸಾಲಿನವರ ರೇಷ್ಮೆ ಸೀರೆ ಇದೆ. ತಿಲ್ಲಾನ ಶುರುವಾದಾಗ ಕ್ಯಾಮೆರಾದವನು ಸೊಂಟದಿಂದ ಮೇಲೆ ಹಿಡಿದವನು ಕೊನೆತನಕ ಕೆಳಗಿಳಿಯಲೇ ಇಲ್ಲ. ಗೆಜ್ಜೆ ಸದ್ದು ಮಾತ್ರ ಎಲ್ಲಿಂದಲೋ ಕೇಳಿಸುತ್ತಿತ್ತು. ಹುಡುಗಿ ಎದ್ದು ಒಳಗೆ ಹೋದಳು.