ಓದುಗರ ಪ್ರಶ್ನೆ: ಮಾಯವಾದ ಬಿಳಿ ಚುಕ್ಕೆ ಮತ್ತೆ ಬಂದದ್ದೇಕೆ?

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಅಡಿ ಉದ್ದದ ಅಕ್ವೇರಿಯಂ ಇದ್ದು, ಅದರಲ್ಲಿ ಆರು ಮಾಲಿ, ಎರಡು ಗೌರಾಮಿ ಹಾಗೂ ಒಂದು ಸಕ್ಕರ್ ಮೀನು ಇವೆ. ಡಿಸೆಂಬರ್ ಕೊನೆಯಲ್ಲಿ ನಾಲ್ಕು ನಿಯಾನ್ ಟೆಟ್ರಾ ತಂದು ನೇರವಾಗಿ ಅದಕ್ಕೇ ಬಿಟ್ಟೆವು. ಕೆಲವೇ ದಿನಗಳಲ್ಲಿ ಮೀನುಗಳ ಮೈ ಮತ್ತು ರೆಕ್ಕೆಗಳ ಮೇಲೆ ರವೆಯ ಕಾಳಿನಂಥ ಬಿಳಿ ಚುಕ್ಕೆಗಳು ಕಾಣಿಸಿಕೊಂಡವು. ಅವು ಕಲ್ಲಿಗೆ ಮೈ ಉಜ್ಜತೊಡಗಿದವು. ಅಂಗಡಿಯವರು ಕೊಟ್ಟ ನೀಲಿ ಔಷಧವನ್ನು ಮೂರು ದಿನ ಹಾಕಿದೆವು, ಚುಕ್ಕೆಗಳು ಮಾಯವಾದವು. ನಿಲ್ಲಿಸಿ ಒಂಬತ್ತು ದಿನಗಳಾಗುವಷ್ಟರಲ್ಲಿ ಮೊದಲಿಗಿಂತ ಹೆಚ್ಚು ಚುಕ್ಕೆಗಳು ಎದ್ದಿವೆ, ಎರಡು ಟೆಟ್ರಾಗಳು ಸತ್ತಿವೆ. ತೊಟ್ಟಿಗೆ ಹೀಟರ್ ಇಲ್ಲ. ಇದನ್ನು ಮನೆಯಲ್ಲೇ ಗುಣಪಡಿಸಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ಗುಣಪಡಿಸಬಹುದು. ಆದರೆ ಮೊದಲ ಸಲ ಚುಕ್ಕೆಗಳು ಮಾಯವಾದದ್ದು ಔಷಧದಿಂದಲ್ಲ ಎಂಬುದನ್ನು ನೀವು ತಿಳಿದುಕೊಳ್ಳಬೇಕು. ಔಷಧ ಹಾಕದಿದ್ದರೂ ಅವು ಹೆಚ್ಚುಕಡಿಮೆ ಆ ದಿನಗಳಲ್ಲೇ ಉದುರುತ್ತಿದ್ದವು.

ನೀವು ವರ್ಣಿಸಿರುವುದು ಬಿಳಿ ಚುಕ್ಕೆ ರೋಗ. ಮೀನು ಸಾಕುವವರು ಇದನ್ನು 'ಇಕ್' ಎನ್ನುತ್ತಾರೆ. ಇದಕ್ಕೆ ಕಾರಣವಾದ ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್ ಎಂಬ ಏಕಕೋಶ ಜೀವಿಯ ಹೆಸರಿಗೆ 'ಬಹುಸಂತಾನದ ಮೀನುಹೇನು' ಎಂಬ ಅರ್ಥವಿದೆ. ಅದು ಹೇನಲ್ಲ, ಆದರೆ ಬಹುಸಂತಾನ ಎಂಬುದು ಅಕ್ಷರಶಃ ನಿಜ. ನಮಗೆ ಕಾಣುವ ಒಂದೊಂದು ಚುಕ್ಕೆಯೂ ಮೀನಿನ ಹೊರಚರ್ಮದ ಅಡಿಯಲ್ಲಿ ಅವಿತು, ಅಲ್ಲೇ ತಿಂದು ಬೆಳೆಯುತ್ತಿರುವ ಒಂದು ಪರಾವಲಂಬಿ. ಚರ್ಮವೇ ಅದಕ್ಕೆ ಹೊದಿಕೆಯಾಗಿರುವುದರಿಂದ ನೀರಿಗೆ ಹಾಕಿದ ಔಷಧ ಅದನ್ನು ಮುಟ್ಟುವುದಿಲ್ಲ. ಬಲಿತ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ತಳಕ್ಕಿಳಿದು, ಕಲ್ಲಿಗೋ ಗಿಡಕ್ಕೋ ಅಂಟಿಕೊಂಡು, ಸುತ್ತಲೂ ಅಂಟಾದ ಪೊರೆ ಕಟ್ಟಿಕೊಂಡು ಒಳಗೊಳಗೇ ಒಡೆಯುತ್ತಾ ಹೋಗುತ್ತದೆ. ಪೊರೆ ಬಿರಿದಾಗ ಒಂದರಿಂದ ನೂರಾರು ಮರಿಗಳು ಹೊರಬಂದು ಮೀನನ್ನು ಹುಡುಕಿಕೊಂಡು ಈಜುತ್ತವೆ. ಒಂದೆರಡು ದಿನಗಳಲ್ಲಿ ಮೀನು ಸಿಗದಿದ್ದರೆ ಅವು ಸಾಯುತ್ತವೆ. ಚಿಕಿತ್ಸೆಗೆ ಸಿಕ್ಕುವುದು ಈಜುತ್ತಿರುವ ಈ ಹಂತ ಮಾತ್ರ. ಹಾಗಾಗಿ ನಾವು ಚಿಕಿತ್ಸೆ ಮಾಡುವುದು ಮೀನಿಗಲ್ಲ, ನೀರಿಗೆ. ಅದೂ ಕೊನೆಯ ಚುಕ್ಕೆ ಉದುರಿ, ಒಡೆದು, ಮರಿಗಳು ಹೊರಬರುವವರೆಗೆ ಕಾದು.

ಎಷ್ಟು ದಿನ ಕಾಯಬೇಕೆಂಬುದನ್ನು ನೀರಿನ ಬಿಸಿ ತೀರ್ಮಾನಿಸುತ್ತದೆ. ನೀರು 25 ಡಿಗ್ರಿ ಇದ್ದರೆ ಈ ಚಕ್ರ ಸುಮಾರು ಒಂದು ವಾರದಲ್ಲಿ ಮುಗಿಯುತ್ತದೆ; ತಣ್ಣಗಾದಷ್ಟೂ ಅದು ಉದ್ದವಾಗುತ್ತಾ ವಾರಗಟ್ಟಲೆ ಎಳೆಯುತ್ತದೆ. ಹಾಸನದ ಚಳಿಗಾಲದಲ್ಲಿ, ಹೀಟರ್ ಇಲ್ಲದ ತೊಟ್ಟಿಯಲ್ಲಿ ಮೂರು ದಿನದ ಔಷಧ ಸಾಲದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ನಿಮಗೆ ಕೊಟ್ಟ ನೀಲಿ ಔಷಧ ಮಿಥಿಲೀನ್ ಬ್ಲೂ ಆಗಿದ್ದಲ್ಲಿ, ಅದು ಫಿಲ್ಟರಿನಲ್ಲಿ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯವನ್ನು ಒಡೆಯುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೂ ಹಾನಿ ಮಾಡುತ್ತದೆ ಎಂಬುದು ನೆನಪಿರಲಿ. ಸ್ವಲ್ಪ ಆಕ್ಟಿವೇಟೆಡ್ ಕಾರ್ಬನ್ ಹಾಕಿ ಉಳಿದ ನೀಲಿಯನ್ನು ಮೊದಲು ತೆಗೆಯಿರಿ.

ನಿಮ್ಮ ತೊಟ್ಟಿಗೆ ನಾನು ಸೂಚಿಸುವುದು ಬಿಸಿ ಮತ್ತು ಉಪ್ಪು. ಥರ್ಮೋಸ್ಟಾಟ್ ಇರುವ 100 ವ್ಯಾಟ್‌ನ ಹೀಟರ್ ತನ್ನಿ. ಅದರ ತಿರುಗಣೆಯ ಮೇಲಿನ ಅಂಕಿಗಳು ಸುಳ್ಳು ಹೇಳುವುದುಂಟು, ಬೇರೆ ಥರ್ಮಾಮೀಟರ್ ಇರಲೇಬೇಕು. ಕೆಲವು ಗಂಟೆಗಳಿಗೆ ಒಂದು ಡಿಗ್ರಿಯಂತೆ ಏರಿಸುತ್ತಾ 30ಕ್ಕೆ ತಲುಪಿಸಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಈ ರೋಗವೋ ಕಿವಿರುಗಳನ್ನೂ ತಿನ್ನುತ್ತದೆ. ಆದ್ದರಿಂದ ಏರ್ ಪಂಪ್ ಹಗಲೂ ರಾತ್ರಿ ನಡೆಯುತ್ತಿರಬೇಕು. ಈ ಬಿಸಿಯಲ್ಲಿ ಪರಾವಲಂಬಿಯ ವಂಶಾಭಿವೃದ್ಧಿ ಸಾಮಾನ್ಯವಾಗಿ ಕುಂಠಿತವಾಗುತ್ತದೆ, ಆದರೆ ಅದನ್ನೂ ತಡೆದುಕೊಳ್ಳುವ ತಳಿಗಳಿರುವುದರಿಂದ ಬಿಸಿಯೊಂದನ್ನೇ ನಂಬಿ ಕೂರಬಾರದು.

ಉಪ್ಪಿನ ಲೆಕ್ಕ ಹೀಗೆ. ತೊಟ್ಟಿಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ನಿಮ್ಮದು 60, 30, 30 ಇದ್ದರೆ 54 ಲೀಟರ್. ತಳದ ಕಲ್ಲು ಮತ್ತು ಮೇಲಿನ ಖಾಲಿ ಜಾಗ ಕಳೆದು 45 ಎಂದಿಟ್ಟುಕೊಳ್ಳಿ. ಲೀಟರಿಗೆ 2 ಗ್ರಾಂ ನಮ್ಮ ಗುರಿ, ಅಂದರೆ ಒಟ್ಟು 90 ಗ್ರಾಂ. ಮಾಲಿಗಳು ಉಪ್ಪನ್ನು ಸುಲಭವಾಗಿ ತಾಳುತ್ತವೆ, ಆದರೆ ಸಕ್ಕರ್ ಮೀನಿಗೆ ಅದು ಅಷ್ಟಾಗಿ ಒಗ್ಗದು. ಅದರ ಸಲುವಾಗಿ ಮೊದಲ ದಿನ 45 ಗ್ರಾಂ ಕಲ್ಲುಪ್ಪನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿ ಎರಡು ಮೂರು ಕಂತಿನಲ್ಲಿ ಸುರಿಯಿರಿ. ಅದು ಏದುಸಿರು ಬಿಡದೆ ಇದ್ದರೆ ಮಾತ್ರ ಮರುದಿನ ಉಳಿದದ್ದನ್ನು ಹಾಕಿ. ನೀರು ಆವಿಯಾದರೂ ಉಪ್ಪು ಆವಿಯಾಗುವುದಿಲ್ಲ. ಕಡಿಮೆಯಾದ ಮಟ್ಟವನ್ನು ಸಪ್ಪೆ ನೀರಿನಿಂದಲೇ ತುಂಬಬೇಕು. ದಿನವೂ ಪೈಪಿನಿಂದ ತಳದ ಕಲ್ಲುಗಳ ನಡುವಿನ ಕೊಳೆಯನ್ನು ಹೀರಿ 10 ಲೀಟರ್ ತೆಗೆದು, ಅಷ್ಟೇ ಬಿಸಿಯ, ಕ್ಲೋರಿನ್ ತೆಗೆದ ಹೊಸ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಹಾಕಿ. ಅಂಟಿಕೊಂಡಿರುವ ಪೊರೆಗಳಲ್ಲಿ ಎಷ್ಟೋ ಹೀಗೆ ಹೊರಗೆ ಹೋಗುತ್ತವೆ. ನೀರು ತೆಗೆಯುವ ಮೊದಲು ಹೀಟರಿನ ಪ್ಲಗ್ ಕಿತ್ತಿಡಿ. ನೀರಿನಿಂದ ಹೊರಗೆ ಉಳಿದರೆ ಗಾಜು ಸೀಳುತ್ತದೆ.

ಎರಡನೆಯ ಮೂರನೆಯ ದಿನ ಚುಕ್ಕೆಗಳು ಹೆಚ್ಚಿದಂತೆ ಕಂಡರೆ ಗಾಬರಿ ಬೇಡ. ಆಗಲೇ ಚರ್ಮದೊಳಗೆ ಸೇರಿದ್ದವು ಬೆಳೆದು ದೊಡ್ಡದಾಗಿ ಕಣ್ಣಿಗೆ ಬೀಳುತ್ತಿರುತ್ತವೆ. ಇಡೀ ಕ್ರಮವನ್ನು ಸುಮಾರು ಎರಡು ವಾರ, ಕೊನೆಯ ಚುಕ್ಕೆ ಮರೆಯಾದ ಮೇಲೂ ಕನಿಷ್ಠ ಐದು ದಿನ ಮುಂದುವರಿಸಿ. ಮಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಈ ರೋಗಕ್ಕೆ ಪರಿಣಾಮಕಾರಿಯೇ ಆದರೂ, ಎರಡೂ ವಿಷಕಾರಿ ರಾಸಾಯನಿಕಗಳಾದ್ದರಿಂದ ಮಕ್ಕಳಿರುವ ಮನೆಯಲ್ಲಿ ಅವುಗಳ ಬಾಟಲಿ ಇಡುವುದನ್ನು ನಾನು ಮೆಚ್ಚುವುದಿಲ್ಲ. ಮುಂದೆ ಹೊಸ ಮೀನು ತಂದಾಗ ಬೇರೊಂದು ಬಕೆಟ್ಟಿನಲ್ಲಾದರೂ ಸರಿ, ಸ್ಪಂಜ್ ಫಿಲ್ಟರ್ ಇಟ್ಟು ಮೂರು ವಾರ ಪ್ರತ್ಯೇಕವಾಗಿರಿಸಿ.

ಪ್ರಶ್ನೆ: ನಮ್ಮ ಗೋಲ್ಡ್‌ಫಿಶ್‌ನ ಕಿವಿರು ಮುಚ್ಚಳದ ಮೇಲೆ ಮತ್ತು ಎದೆಯ ಪಕ್ಕದ ರೆಕ್ಕೆಗಳ ಮುಂದಿನ ಕಡ್ಡಿಯ ಮೇಲೆ ಮಾತ್ರ ಬಿಳಿ ಚುಕ್ಕೆಗಳು ಸಾಲಾಗಿ ಎದ್ದಿವೆ. ಆಹಾರ ಚೆನ್ನಾಗಿ ತಿನ್ನುತ್ತಿದೆ, ಮೈ ಉಜ್ಜುತ್ತಿಲ್ಲ. ಇದಕ್ಕೂ ಉಪ್ಪು ಹಾಕಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಏನನ್ನೂ ಹಾಕಬೇಡಿ. ಬಿಳಿ ಚುಕ್ಕೆ ರೋಗ ಮೈಮೇಲೆ ಅಡ್ಡಾದಿಡ್ಡಿಯಾಗಿ ಹರಡುತ್ತದೆಯೇ ಹೊರತು ಹೀಗೆ ಜಾಗ ಆರಿಸಿಕೊಂಡು ಸಾಲು ಕಟ್ಟುವುದಿಲ್ಲ. ನಿಮ್ಮದು ಪ್ರಾಯಕ್ಕೆ ಬಂದ ಗಂಡು ಮೀನು. ಸಂತಾನದ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ಗಳಿಗೆ ಸರಿಯಾಗಿ ಈ ಎರಡು ಜಾಗಗಳಲ್ಲೇ ಇಂಥ ಗುಳ್ಳೆಗಳು ಏಳುತ್ತವೆ, ಕಾಲ ಕಳೆದ ಮೇಲೆ ತಾವಾಗಿಯೇ ಅಡಗುತ್ತವೆ.